ಬಾಲ್ಕನಿಯಲ್ಲಿದ್ದ ಎಂಟಿಬಿ ಮತ್ತು ನನ್ನ ಮೊದಲ ಟ್ರಯಥ್ಲಾನ್

ನನಗೆ ಮಾತಾಡಿ ಅಭ್ಯಾಸ ಇರೋದು ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿ ಮಾತ್ರ. ಅದೂ ಎರಡು ನಿಮಿಷ, ಅದೂ ಅರ್ಧ ಸುಳ್ಳು. ಇಪ್ಪತ್ತು ನಿಮಿಷ ಕನ್ನಡದಲ್ಲಿ ಮಾತಾಡಿ ಎಷ್ಟು ವರ್ಷ ಆಯ್ತೋ! ನಡುವೆ ಮರಾಠಿ, ಹಿಂದಿ ನುಗ್ಗಿದರೆ ಕ್ಷಮಿಸಿ. ಡೊಂಬಿವಲಿಯಲ್ಲಿ ಒಂಬತ್ತು ವರ್ಷ ಇದ್ದರೆ ಇಷ್ಟಾದರೂ ಆಗುತ್ತೆ.

ನಾನು ಮೂಲತಃ ರಾಣೆಬೆನ್ನೂರಿನವಳು. ಎಂಟೆಕ್ ಮುಗಿಸಿ ಕೆಲಸಕ್ಕೆ ಸೇರಿ ಪುಣೆ, ಆಮೇಲೆ ಇಲ್ಲಿ. ಆಫೀಸು ಐರೋಲಿಯಲ್ಲಿ. ಡೊಂಬಿವಲಿಯಿಂದ ಠಾಣೆಗೆ ಲೋಕಲ್, ಠಾಣೆಯಿಂದ ಟ್ರಾನ್ಸ್ ಹಾರ್ಬರ್ ಹಿಡಿದು ಐರೋಲಿ. ಬೆಳಗ್ಗೆ ಎಂಟರ ಹೊತ್ತಿಗೆ ಡೊಂಬಿವಲಿ ಲೇಡೀಸ್ ಡಬ್ಬಿ ಹತ್ತಿದವರಿಗೆ ನಾನು ವ್ಯಾಯಾಮದ ಬಗ್ಗೆ ಹೇಳೋದು ಏನೂ ಇಲ್ಲ. ಆದರೆ ಆಫೀಸಿನ ಹೆಲ್ತ್ ಚೆಕಪ್ ಆ ವ್ಯಾಯಾಮವನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ. 2023ರ ದೀಪಾವಳಿ ಮುಂಚೆ ರಿಪೋರ್ಟ್ ಬಂತು, ಎಚ್‌ಬಿಎ1ಸಿ 6.1. 5.7ರಿಂದ 6.4ರವರೆಗೆ ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ನಮ್ಮಪ್ಪನಿಗೆ ಸಕ್ಕರೆ ಬಂದದ್ದು ಐವತ್ತರಲ್ಲಿ. ನನಗೆ ಆಗ ಮೂವತ್ನಾಲ್ಕು.

ಓಡೋದು ಶುರು ಮಾಡಿದೆ. ಆಫೀಸಲ್ಲಿ ಒಬ್ಬ ಸಹೋದ್ಯೋಗಿ ಟ್ರಯಥ್ಲಾನ್ ಮಾಡ್ತಿದ್ದ. ಈಜು, ಸೈಕಲ್, ಓಟ, ಮೂರೂ ಒಂದರ ಹಿಂದೆ ಒಂದು, ಗಡಿಯಾರ ನಿಲ್ಲಿಸದೆ. ಐರನ್‌ಮ್ಯಾನ್ ಅನ್ನೋ ಹೆಸರು ನೀವು ಕೇಳಿರ್ತೀರಿ. 3.8 ಕಿಲೋಮೀಟರ್ ಈಜು, 180 ಸೈಕಲ್, 42.2 ಓಟ. 1978ರಲ್ಲಿ ಹವಾಯಿಯಲ್ಲಿ ಮೊದಲ ಸಲ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ಅದು ನಮ್ಮಂಥವರ ಪಾಡಲ್ಲ ಅಂತ ನಾನು ಅಲ್ಲಿಗೇ ಬಿಟ್ಟಿದ್ದೆ. ಆದರೆ ಅದರ ಚಿಕ್ಕ ತಂಗಿ ಒಬ್ಬಳಿದಾಳೆ, ಸ್ಪ್ರಿಂಟ್ ಅಂತ. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಇದನ್ನ ಕೇಳಿದಾಗ ಮೊದಲ ಸಲ ಅನ್ನಿಸ್ತು, ಓಹೋ, ಇದು ಕೈಗೆಟುಕೋ ಹಾಗಿದೆ.

ಈಜು ನನಗೆ ಬರ್ತಿತ್ತು. ಅಂದರೆ, ಬರ್ತಿತ್ತು ಅಂತ ಅಂದುಕೊಂಡಿದ್ದೆ. ನಮ್ಮ ಸೋದರಮಾವನ ತೋಟದ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಕಲಿತಿದ್ದು. ಆ ಈಜಿನಲ್ಲಿ ತಲೆ ಯಾವಾಗಲೂ ನೀರಿನ ಮೇಲೆ, ಕಾಲು ಕಪ್ಪೆ ಥರ. ಮುಳುಗಲ್ಲ, ಮುಂದಕ್ಕೂ ಹೋಗಲ್ಲ. ಇಲ್ಲಿ ಕೊಳದ ಲೇಡೀಸ್ ಬ್ಯಾಚ್‌ಗೆ ಸೇರಿದಾಗ ಕೋಚ್ ಮೇಡಂ ಎರಡು ದಿನ ಸುಮ್ಮನೆ ನೋಡಿ, ಮೂರನೇ ದಿನ ಮರಾಠಿಯಲ್ಲಿ, ನೀನು ಈಜೋದಲ್ಲ, ನೀರಲ್ಲಿ ನಿಂತು ಯಾರನ್ನೋ ಹುಡುಕ್ತಿದೀಯ ಅಂದರು. ಅದು ಬೇರೆ ಕತೆ, ನಾಲ್ಕು ತಿಂಗಳ ಕತೆ. ಇವತ್ತು ಹೇಳಬೇಕಾದ್ದು ಸೈಕಲ್ ಬಗ್ಗೆ, ಯಾಕಂದರೆ ಎಲ್ಲರೂ ನನ್ನನ್ನ ಕೇಳೋದು ಅದನ್ನೇ. “ರೇಸ್‌ಗೆ ರೋಡ್ ಬೈಕ್ ತಗೊಳ್ಳಲೇಬೇಕಾ?”

ನಮ್ಮ ಮನೆಯಲ್ಲಿ ಒಂದು ಸೈಕಲ್ ಇತ್ತು. 2020ರಲ್ಲಿ ಲಾಕ್‌ಡೌನ್ ಸಡಿಲ ಆದ ಮೇಲೆ ಇಡೀ ದೇಶಕ್ಕೆ ಸೈಕಲ್ ಹುಚ್ಚು ಹಿಡಿದಿತ್ತಲ್ಲ, ಅಂಗಡಿಗಳಲ್ಲಿ ವೇಟಿಂಗ್ ಲಿಸ್ಟು! ಆಗ ನಮ್ಮ ಮನೆಯವರು ಹದಿನೇಳು ಸಾವಿರ ಕೊಟ್ಟು ತಂದ ಮೌಂಟನ್ ಬೈಕ್. 27.5 ಇಂಚಿನ ಗಾಲಿ, ಮುಂದೆ ಸಸ್ಪೆನ್ಷನ್, ಡಿಸ್ಕ್ ಬ್ರೇಕ್, 21 ಗೇರು, ಹದಿನೈದು ಕಿಲೋ ತೂಕ. ಟ್ರ್ಯಾಕ್ಟರ್ ಟೈರಿನ ತಮ್ಮನ ಹಾಗಿರೋ ಗೊಡ್ಡು ಗೊಡ್ಡು ಟೈರು. ಅವರು ಅದನ್ನ ಒಟ್ಟು ನಾಲ್ಕು ಸಲ ಓಡಿಸಿರಬೇಕು. ಆಮೇಲೆ ಮೂರು ವರ್ಷ ಬಾಲ್ಕನಿಯಲ್ಲಿ ಅದರ ಹ್ಯಾಂಡಲ್ ಮೇಲೆ ಟವೆಲ್ ಒಣಗಿದವು.

ಸಹೋದ್ಯೋಗಿ ಒಂದೇ ಮಾತು ಹೇಳಿದ: ಇದರಲ್ಲಿ ಮಾಡಿದರೆ ನಗ್ತಾರೆ. ಒಂದು ರೋಡ್ ಬೈಕ್ ನೋಡಿಕೊಂಡು ಬಂದೆ, 58 ಸಾವಿರ. ಅದಕ್ಕೆ ಬೇಕಾದ ಶೂ, ಪೆಡಲ್, ಪಂಪು ಬೇರೆ. ಫ್ಲ್ಯಾಟ್‌ನ ಇಎಂಐ ನಡೀತಿದೆ, ಮಗಳ ಸ್ಕೂಲ್ ಫೀ ಇದೆ. ದುಡ್ಡು ಇರಲಿಲ್ಲ ಅಂತಲ್ಲ, ಐಟಿಯವರು ಹಾಗೆ ಹೇಳಿದರೆ ಯಾರೂ ನಂಬಲ್ಲ. ಆದರೆ ಬಾಲ್ಕನಿಯಲ್ಲಿ ಎರಡನೇ ಟವೆಲ್ ಸ್ಟ್ಯಾಂಡ್ ಆಗೋ ಅಪಾಯ ನನಗೆ ಕಾಣ್ತಿತ್ತು.

ಹಾಗಾಗಿ ಎಂಟೆಕ್ ಓದಿದ್ದಕ್ಕೆ ಒಂದು ಸಲ ಉಪಯೋಗ ಆಯ್ತು. ಕೂತು ಲೆಕ್ಕ ಹಾಕಿದೆ. ಸಮತಟ್ಟು ರಸ್ತೆಯಲ್ಲಿ ಸೈಕಲನ್ನ ಹಿಂದಕ್ಕೆ ಎಳೆಯೋದು ಮುಖ್ಯವಾಗಿ ಎರಡು. ಒಂದು ಗಾಳಿ. ಇನ್ನೊಂದು ಟೈರು ಉರುಳುವಾಗ ತಿನ್ನೋ ಶಕ್ತಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ, ಅದನ್ನ ಮೀರಲು ಬೇಕಾದ ಪವರ್ ವೇಗದ ಘನಕ್ಕೆ ತಕ್ಕ ಹಾಗೆ. ಟೈರಿನದು ಹಾಗಲ್ಲ, ಮೆಲ್ಲಗೆ ಹೋದರೂ ಜೋರಾಗಿ ಹೋದರೂ ತಡೆ ಹೆಚ್ಚುಕಡಿಮೆ ಅಷ್ಟೇ. ಅಂದರೆ ಏನು? ಗಂಟೆಗೆ ನಲವತ್ತರಲ್ಲಿ ಹೋಗೋನಿಗೆ ಗಾಳಿಯೇ ಎಲ್ಲ. ಇಪ್ಪತ್ತರಲ್ಲಿ ಹೋಗೋ ನನ್ನಂಥವಳಿಗೆ ಟೈರು ಅರ್ಧ ಪಾಲು ತಿಂದುಬಿಡುತ್ತೆ.

ನನ್ನ ಕಾಲಿಂದ ಒಂದು ಗಂಟೆ ಕಾಲ 100 ವ್ಯಾಟ್ ಬರುತ್ತೆ ಅಂತ ಇಟ್ಟುಕೊಂಡೆ. ಅದು ಊಹೆ, ಪವರ್ ಮೀಟರ್ ನನ್ನ ಹತ್ತಿರ ಇಲ್ಲ. ಗೊಡ್ಡು ಟೈರಿನ ಎಂಟಿಬಿಯಲ್ಲಿ 20 ಕಿಲೋಮೀಟರ್‌ಗೆ ಸುಮಾರು 60 ನಿಮಿಷ ಬಂತು. ಅದೇ ಸೈಕಲ್‌ಗೆ ನುಣುಪು ಟೈರು ಹಾಕಿದರೆ 53. ರೋಡ್ ಬೈಕಾದರೆ 47. ಶೀಟನ್ನ ಎರಡು ಸಲ ನೋಡಿದೆ. ಅರವತ್ತರಿಂದ ನಲವತ್ತೇಳಕ್ಕೆ ಇಳಿಯೋ ದಾರಿಯಲ್ಲಿ ಅರ್ಧ ದಾರಿ ಬರೀ ಟೈರಿನಲ್ಲೇ ಇದೆ!

ನಮ್ಮ ಬಿಲ್ಡಿಂಗ್ ಹಿಂದಿನ ಗಲ್ಲಿಯ ಸೈಕಲ್ ಅಂಗಡಿಯ ಕಾಕಾ ಹತ್ತಿರ ಹೋದೆ. ಅವರು ಯಾವ ಶೀಟೂ ಇಲ್ಲದೆ, ಸೈಕಲ್ ಕಡೆ ಒಂದು ಸಲ ನೋಡಿ, “ತಾಯಿ, ಆಧೀ ಹೇ ಟಾಯರ್ ಕಾಢಾ” ಅಂದರು. ಮೊದಲು ಈ ಟೈರು ತೆಗೀರಿ ಅಂತ. ಇಲ್ಲಿಗೆ ಹೊಸದಾಗಿ ಬಂದವರಿಗೆ ಒಂದು ಮಾತು: ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ನಾನು ಮೊದಲ ಸಲ ಕೇಳಿದಾಗ ಇಷ್ಟು ವಯಸ್ಸಾದ ಹಾಗೆ ಕಾಣ್ತೀನಾ ಅಂತ ಎರಡು ದಿನ ಕೊರಗಿದ್ದೆ. (ನಗು)

ಒಂದೂವರೆ ಇಂಚಿನ ನುಣುಪು ಟೈರು ಎರಡು, ಟ್ಯೂಬು ಎರಡು, ಕೂಲಿ, ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ ಆಯ್ತು. ಕಾಕಾ ಸೈಡ್ ಸ್ಟ್ಯಾಂಡ್ ಬಿಚ್ಚಿದರು, ಮಡ್‌ಗಾರ್ಡ್ ಬಿಚ್ಚಿದರು, ಚೈನಿಗೆ ಎಣ್ಣೆ ಬಿಟ್ಟರು, ಹಿಂದಿನ ಬ್ರೇಕ್ ಪ್ಯಾಡ್ ಡಿಸ್ಕಿಗೆ ತಾಗ್ತಿದ್ದದ್ದನ್ನ ಸರಿ ಮಾಡಿದರು. ಆ ಬ್ರೇಕ್ ತಾಗ್ತಿರೋದು ಗೊತ್ತಾಗದೆ ನಾನು ಒಂದು ತಿಂಗಳು ಓಡಿಸಿದ್ದೆ. ನನ್ನ ಕಾಲಲ್ಲಿ ಶಕ್ತಿ ಇಲ್ಲ ಅಂತ ಅಳ್ತಿದ್ದೆ! ದಯವಿಟ್ಟು, ನಿಮ್ಮ ಸೈಕಲ್‌ನ ಗಾಲಿ ಎತ್ತಿ ಒಂದು ಸಲ ಕೈಯಿಂದ ತಿರುಗಿಸಿ ನೋಡಿ. ಬೇಗ ನಿಂತರೆ ತಪ್ಪು ನಿಮ್ಮದಲ್ಲ.

ಸೀಟಿನ ಎತ್ತರ ಇನ್ನೊಂದು. ನಮ್ಮಲ್ಲಿ ಎಲ್ಲರೂ ಸೀಟು ತಗ್ಗಿಸಿ ಕೂರೋದು, ಕಾಲು ನೆಲಕ್ಕೆ ತಾಗಲಿ ಅಂತ. ಹಿಮ್ಮಡಿಯನ್ನ ಪೆಡಲ್ ಮೇಲಿಟ್ಟು ಅದನ್ನ ಪೂರ್ತಿ ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು, ಅಷ್ಟು ಎತ್ತರ ಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಮಡಚಿರುತ್ತೆ. ನಾನು ನಾಲ್ಕು ಬೆರಳು ಎತ್ತರಿಸಿದೆ, ಮಂಡಿನೋವು ಹೋಯ್ತು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಗೇರಿನ ಬಗ್ಗೆ ಹೆದರಿಸ್ತಾರೆ, ಎಂಟಿಬಿಯಲ್ಲಿ ಗೇರು ಸಾಲಲ್ಲ ಅಂತ. ನನ್ನದರಲ್ಲಿ ಮುಂದೆ ದೊಡ್ಡ ಚಕ್ರಕ್ಕೆ 42 ಹಲ್ಲು, ಹಿಂದೆ ಚಿಕ್ಕದಕ್ಕೆ 14. ನಿಮಿಷಕ್ಕೆ 85 ಸಲ ತುಳಿದರೆ ಗಂಟೆಗೆ 31 ಕಿಲೋಮೀಟರ್ ಮೇಲೆ ಹೋಗುತ್ತೆ. ನಾನು ಜೀವಮಾನದಲ್ಲಿ ಸಮತಟ್ಟು ರಸ್ತೆಯಲ್ಲಿ 31 ಮುಟ್ಟಿಲ್ಲ. ಸಾಲದೇ ಇದ್ದದ್ದು ಗೇರಲ್ಲ.

ಇಷ್ಟು ಮಾಡಿಕೊಂಡು 2024ರ ಮಾರ್ಚ್‌ನ ಒಂದು ರೇಸ್‌ಗೆ ದುಡ್ಡು ಕಟ್ಟಿದೆ. ಶನಿವಾರ, ಭಾನುವಾರ ಬೆಳಗ್ಗೆ ನಮ್ಮ ಮನೆಯವರು ಕಾರಿನ ಹಿಂದಿನ ಸೀಟು ಮಡಚಿ, ಸೈಕಲ್‌ನ ಮುಂದಿನ ಗಾಲಿ ಬಿಚ್ಚಿ ತುರುಕಿ, ನನ್ನನ್ನ ಪಾಮ್ ಬೀಚ್ ರೋಡ್‌ಗೆ ಬಿಡ್ತಿದ್ದರು. ನವಿ ಮುಂಬಯಿಯವರಿಗೆ ಹೇಳಬೇಕಿಲ್ಲ, ವಾಶಿಯಿಂದ ಬೇಲಾಪುರದವರೆಗೆ ಸುಮಾರು ಹತ್ತು ಕಿಲೋಮೀಟರ್, ಅಗಲ ರಸ್ತೆ, ಒಂದು ಕಡೆ ಕಾಂಡ್ಲಾ ಕಾಡು, ಖಾಡಿಯ ಗಾಳಿ. ಹೋಗಿ ಬಂದರೆ ಇಪ್ಪತ್ತು, ನನ್ನ ರೇಸಿನ ದೂರ. ಬೆಳಗ್ಗೆ ಐದೂವರೆಗೆ ಅಲ್ಲಿ ಎಷ್ಟು ಜನ ಸೈಕ್ಲಿಸ್ಟ್‌ಗಳು! ನನಗೆ ಅಲ್ಲಿ ಮೊದಲ ಸಲ ನಾನೂ ಇವರಲ್ಲಿ ಒಬ್ಬಳು ಅನ್ನಿಸಿತ್ತು.

2024ರ ಫೆಬ್ರವರಿ 28, ಬುಧವಾರ. ಬೆಳಗ್ಗೆ ಆರರ ಸುಮಾರಿಗೆ ಅದೇ ಪಾಮ್ ಬೀಚ್ ರಸ್ತೆಯಲ್ಲಿ, ನೆರೂಲ್ ಹತ್ತಿರ, ಗೆಳೆಯರ ಜೊತೆ ಸೈಕಲ್ ಹೊಡೀತಿದ್ದ ಅವತಾರ್ ಸೈನಿ ಅವರಿಗೆ ವೇಗವಾಗಿ ಬಂದ ಕ್ಯಾಬ್ ಡಿಕ್ಕಿ ಹೊಡೆಯಿತು. ಅವರು ಉಳಿಯಲಿಲ್ಲ. 68 ವರ್ಷ. ನಮ್ಮ ಕ್ಷೇತ್ರದವರಿಗೆ ಈ ಹೆಸರು ಗೊತ್ತಿರಬೇಕು, ಇಂಟೆಲ್ ಇಂಡಿಯಾದ ಮುಖ್ಯಸ್ಥರಾಗಿದ್ದವರು. 386, 486 ಚಿಪ್‌ಗಳಲ್ಲಿ ಕೆಲಸ ಮಾಡಿ, ಪೆಂಟಿಯಂ ವಿನ್ಯಾಸದಲ್ಲಿ ಮುಂದೆ ನಿಂತವರು. ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ನಾನು ಮೊದಲ ಪ್ರೋಗ್ರಾಂ ಬರೆದ ಕಂಪ್ಯೂಟರ್ ಮೇಲೆ ಪೆಂಟಿಯಂ ಸ್ಟಿಕ್ಕರ್ ಇತ್ತು.

ಆ ದಿನ ಆಫೀಸಿನ ಗ್ರೂಪ್‌ನಲ್ಲಿ ಎಲ್ಲರೂ ಅದೇ ಸುದ್ದಿ ಹಾಕ್ತಿದ್ದರು. ಸಂಜೆಗೆ ಅವ್ವನ ಫೋನು. ಟಿವಿಯಲ್ಲಿ ನವಿ ಮುಂಬಯಿ ಅಂತ ಕೇಳಿಸಿಕೊಂಡಿದ್ದಳು, ಸೈಕಲ್ ಅಂತ ಕೇಳಿಸಿಕೊಂಡಿದ್ದಳು, ಅಷ್ಟು ಸಾಕಲ್ಲ. “ನೀನೂ ಅದ ರಸ್ತೆಕ್ಕ ಹೋಗ್ತಿದ್ದೆಲ್ಲಬೇ?” ಅಂದಳು. ನಾನು ಸುಮ್ಮನಿದ್ದೆ. “ಸಕ್ಕರಿ ಬಂದ್ರ ಗುಳಿಗಿ ಐತಿ. ಇದಕ್ಕೇನೈತಿ?” ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮಾರ್ಚ್‌ನ ರೇಸ್‌ಗೆ ಹೋಗಲಿಲ್ಲ. ಸೈಕಲ್ ಮತ್ತೆ ಬಾಲ್ಕನಿಗೆ ಹೋಯ್ತು, ಟವೆಲ್ ಮತ್ತೆ ಹ್ಯಾಂಡಲ್ ಮೇಲೆ ಬಂತು. ಹೆದರಿಕೆ ಆಗಿತ್ತು ಅಂತ ಹೇಳಲಿಕ್ಕೆ ನನಗೆ ನಾಚಿಕೆ ಇಲ್ಲ. ಮಗಳಿಗೆ ಆಗ ಆರು ವರ್ಷ.

ಜೂನ್‌ನಲ್ಲಿ ಶುಗರ್ ಮತ್ತೆ ಟೆಸ್ಟ್ ಮಾಡಿಸಿದೆ, 5.8 ಬಂದಿತ್ತು. ಅಂದರೆ ಆ ಐದಾರು ತಿಂಗಳು ಏನೋ ಕೆಲಸ ಮಾಡಿತ್ತು. ಆ ಮಳೆಗಾಲದಲ್ಲೇ ಮೆಲ್ಲಗೆ ಮತ್ತೆ ಶುರು ಮಾಡಿದೆ, ಆದರೆ ಬೇರೆ ಥರ. ಪಾಮ್ ಬೀಚ್ ಬಿಟ್ಟೆ. ಕತ್ತಲೆಯಲ್ಲಿ ಓಡಿಸೋದು ಬಿಟ್ಟೆ, ಪೂರ್ತಿ ಬೆಳಕಾದ ಮೇಲೆಯೇ. ಭಾನುವಾರ ಡೊಂಬಿವಲಿ ಎಂಐಡಿಸಿ ಒಳಗಿನ ರಸ್ತೆಗಳು ಖಾಲಿ ಇರ್ತವೆ, ವಾಸನೆ ಸಹಿಸಿಕೊಂಡರೆ ಅಲ್ಲೇ ಸುತ್ತು ಹೊಡೀಬಹುದು. ದೂರ ಬೇಕಾದಾಗ ನೇವಾಳಿ ಕಡೆಯಿಂದ ಮಲಂಗಗಡದ ದಾರಿ. ಮಳೆಯಲ್ಲಿ ಆ ಬೆಟ್ಟದ ಸಾಲು ಎಂಥ ಹಸಿರು ಅಂತೀರಿ, ನಮ್ಮ ಮಲೆನಾಡಿಗೆ ಏನೂ ಕಮ್ಮಿ ಇಲ್ಲ. ಹಿಂದೆ ಮಿನುಗೋ ಕೆಂಪು ದೀಪ, ಹಗಲಲ್ಲೂ. ಹೊಳೆಯೋ ಜಾಕೆಟ್. ಹ್ಯಾಂಡಲ್‌ಗೆ ಇನ್ನೂರೈವತ್ತು ರೂಪಾಯಿಯ ಕನ್ನಡಿ. ಸೈಕಲ್‌ಗೆ ಕನ್ನಡಿ ಹಾಕಿಕೊಂಡರೆ ಸೀರಿಯಸ್ ಸೈಕ್ಲಿಸ್ಟ್‌ಗಳು ನಗ್ತಾರೆ. ನಗಲಿ. ಇಷ್ಟರಿಂದ ಪೂರ್ತಿ ಕ್ಷೇಮ ಅಂತ ನಾನು ಹೇಳ್ತಿಲ್ಲ. ಕ್ಯಾಬ್ ಓಡಿಸೋನ ಕಣ್ಣು ನನ್ನ ಕೈಯಲ್ಲಿಲ್ಲ.

ಆ ಮಳೆಗಾಲದಲ್ಲೇ ನನಗೆ ಎಂಟಿಬಿಯ ಬೆಲೆ ತಿಳಿದದ್ದು. ನಮ್ಮ ಠಾಣೆ, ಕಲ್ಯಾಣ್ ಕಡೆಯ ರಸ್ತೆಗಳ ಒಂದು ವಿಶೇಷ ಇದೆಯಲ್ಲ, ಗುಂಡಿ ಬಿದ್ದರೆ ಡಾಂಬರ್ ಹಾಕಲ್ಲ, ಪೇವರ್ ಬ್ಲಾಕ್ ಜೋಡಿಸಿಬಿಡ್ತಾರೆ. ಆ ಬ್ಲಾಕ್‌ಗಳ ನಡುವೆ ಬಿರುಕು. ರೋಡ್ ಬೈಕಿನ ತೆಳು ಟೈರು ಅದರೊಳಗೆ ಸಿಕ್ಕಿಕೊಂಡರೆ ಸವಾರ ಹ್ಯಾಂಡಲ್ ಮೇಲಿಂದ ಹಾರಬೇಕು. ಚರಂಡಿ ಜಾಲರಿಯದೂ ಅದೇ ಕತೆ. ಮುಂದೆ ಗುಂಡಿ ಕಂಡಾಗ ರೋಡ್ ಬೈಕಿನವರು ತಪ್ಪಿಸಲಿಕ್ಕೆ ಬಲಕ್ಕೆ, ಅಂದರೆ ಹಿಂದಿಂದ ಬರೋ ಲಾರಿಯ ಮುಂದಕ್ಕೆ, ಸರೀತಾರೆ. ನಾನು ನೆಟ್ಟಗೆ ಗುಂಡಿಗೇ ಇಳಿದು ಹತ್ತಿ ಹೋಗ್ತೀನಿ. ನನ್ನ ಪ್ರಕಾರ ಈ ಒಂದು ಕಾರಣಕ್ಕೇ ನಮ್ಮ ಊರುಗಳಲ್ಲಿ ಮೊದಲ ವರ್ಷ ಕಲಿಯೋರಿಗೆ ಎಂಟಿಬಿಯೇ ಸರಿ. ಇನ್ನೊಂದು ಸಣ್ಣ ವಿಷಯ: ಇದರ ಟ್ಯೂಬಿನ ವಾಲ್ವ್ ಕಾರು, ಬೈಕಿನದೇ ಥರ. ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಾಕ್ತಾರೆ. ರೋಡ್ ಬೈಕಿನ ಸಣ್ಣ ವಾಲ್ವ್‌ಗೆ ಅಡಾಪ್ಟರ್ ಜೇಬಲ್ಲಿಟ್ಟುಕೊಂಡು ತಿರುಗಬೇಕು.

ರೇಸಿಗೆ ಬರ್ತೀನಿ. ಡಿಸೆಂಬರ್, ಒಂದು ಭಾನುವಾರ, ಈಜು ಕೊಳದಲ್ಲಿ, ಸೈಕಲ್ ಮತ್ತು ಓಟ ಟ್ರಾಫಿಕ್ ನಿಲ್ಲಿಸಿದ ರಸ್ತೆಯಲ್ಲಿ. ಟ್ರಾಫಿಕ್ ನಿಲ್ಲಿಸ್ತಾರಾ ಅಂತ ಇಮೇಲ್‌ನಲ್ಲಿ ಕೇಳಿ, ಹೌದು ಅಂತ ಉತ್ತರ ಬಂದ ಮೇಲೇ ದುಡ್ಡು ಕಟ್ಟಿದ್ದು. ಎಂಟಿಬಿ ನಡೆಯುತ್ತಾ ಅಂತಲೂ ಕೇಳಿದೆ, ನಡೆಯುತ್ತೆ ಅಂದರು. ಅವ್ವನಿಗೆ ಹೇಳಲಿಲ್ಲ.

ಹಿಂದಿನ ದಿನ ಸೈಕಲ್ ತಪಾಸಣೆ. ಹುಡುಗ ಬ್ರೇಕ್ ಒತ್ತಿ ನೋಡಿದ, ಹೆಲ್ಮೆಟ್ ನೋಡಿದ, ಆಮೇಲೆ ಹ್ಯಾಂಡಲ್‌ನ ತುದಿ ತೋರಿಸಿ, ಮುಚ್ಚಳ ಎಲ್ಲಿ ಅಂದ. ಹ್ಯಾಂಡಲ್ ಪೈಪಿನ ತುದಿ ತೆರೆದಿರಬಾರದು, ಬಿದ್ದರೆ ಹೊಟ್ಟೆಗೆ ಚುಚ್ಚುತ್ತೆ. ನನ್ನ ಎಡಗಡೆಯ ಗ್ರಿಪ್‌ನ ತುದಿ ಸವೆದು ತೂತಾಗಿತ್ತು. ಓಡಿ ಹೋಗಿ ಇಪ್ಪತ್ತು ರೂಪಾಯಿಯ ಮುಚ್ಚಳ ತಂದೆ. 58 ಸಾವಿರದ ಸೈಕಲ್ ಇಲ್ಲದೆ ನಡೀತು, ಇಪ್ಪತ್ತು ರೂಪಾಯಿಯದ್ದು ಇಲ್ಲದೆ ನಡೀತಿರಲಿಲ್ಲ.

ಬೆಳಗ್ಗೆ ಸೈಕಲ್ ನೇತುಹಾಕೋ ಜಾಗದಲ್ಲಿ ನನಗೆ ನಿಜಕ್ಕೂ ಮುಜುಗರ ಆಯ್ತು. ಎರಡೂ ಕಡೆ ಕಾರ್ಬನ್ ಸೈಕಲ್, ಬೆರಳಲ್ಲಿ ಎತ್ತಬಹುದಾದಂಥವು. ನಡುವೆ ನನ್ನ ಎಮ್ಮೆ. ಅದರ ಹ್ಯಾಂಡಲ್ ಅಗಲಕ್ಕೆ ಪಕ್ಕದವರ ಸೈಕಲ್‌ಗೆ ತಾಗ್ತಿತ್ತು. ಆ ಮನುಷ್ಯ ಏನೋ ಅಂತಾನೆ ಅಂತ ಕಾಯ್ತಿದ್ದೆ. ಆತ ತನ್ನದನ್ನ ಒಂದು ಗೇಣು ಸರಿಸಿ, “ಫಸ್ಟ್ ಟೈಮ್?” ಅಂತ ಕೇಳಿ, ತನ್ನ ಹತ್ತಿರ ಇದ್ದ ಪೌಡರ್ ನನ್ನ ಸಾಕ್ಸಿನೊಳಗೆ ಹಾಕಿಕೊಳ್ಳಿ, ಒದ್ದೆ ಕಾಲಿಗೆ ಬೇಗ ಏರುತ್ತೆ ಅಂದ. ಯಾರೂ ನಗಲಿಲ್ಲ. ನೋಡಲಿಕ್ಕೆ ಯಾರಿಗೂ ಪುರುಸೊತ್ತೂ ಇರಲಿಲ್ಲ.

ಈಜು 27 ನಿಮಿಷ. 25 ಮೀಟರ್ ಕೊಳದಲ್ಲಿ 30 ಸಲ ಅತ್ತಿಂದಿತ್ತ. ಹದಿನೇಳೋ ಹತ್ತೊಂಬತ್ತೋ ಅಂತ ನಡುವೆ ಲೆಕ್ಕ ತಪ್ಪಿ, ದಡದಲ್ಲಿ ಎಣಿಸ್ತಿದ್ದ ಹುಡುಗಿಯನ್ನ ಕೇಳಬೇಕಾಯ್ತು. ಕೊನೆಯ ಎಂಟು ಸುತ್ತು ಸೋರೆಬುರುಡೆಯ ಈಜೇ. ಮೇಲೆ ಬಂದಾಗ ಸೈಕಲ್ ಸಾಲು ಮುಕ್ಕಾಲು ಖಾಲಿ. ನನ್ನ ಎಮ್ಮೆಯನ್ನ ಹುಡುಕೋ ಕಷ್ಟವೇ ಇರಲಿಲ್ಲ.

ಇಲ್ಲಿ ನಿಯಮ ಒಂದಿದೆ, ಮನೆಯಲ್ಲೇ ಅಭ್ಯಾಸ ಮಾಡಿ. ಸೈಕಲ್ ಮುಟ್ಟೋಕೆ ಮುಂಚೆ ಹೆಲ್ಮೆಟ್ ಹಾಕಿ ಗಲ್ಲದ ಪಟ್ಟಿ ಕ್ಲಿಕ್ ಆಗಿರಬೇಕು. ವಾಪಸ್ ಬಂದಾಗ ಸೈಕಲ್ ನೇತುಹಾಕಿದ ಮೇಲೆಯೇ ಬಿಚ್ಚಬೇಕು. ಗೆರೆ ದಾಟೋವರೆಗೆ ಸೈಕಲ್ ತಳ್ಳಿಕೊಂಡೇ ಓಡಬೇಕು. ಹದಿನೈದು ಕಿಲೋ ತಳ್ಳಿಕೊಂಡು ಒದ್ದೆ ಬಟ್ಟೆಯಲ್ಲಿ ಓಡಿದೆ. ಬಟ್ಟೆ, ಶೂ ಎಲ್ಲ ಸೇರಿ ಐದು ನಿಮಿಷ ಹೋಯ್ತು.

ಸೈಕಲ್ ನಾಲ್ಕು ಸುತ್ತು. ಸಸ್ಪೆನ್ಷನ್ ಲಾಕ್ ಮಾಡಿದ್ದೆ, ಟೈರಿಗೆ 60 ಪಿಎಸ್ಐ ಗಾಳಿ. ನನ್ನನ್ನ ದಾಟಿ ಹೋದವರನ್ನ ಎಣಿಸೋದು ಎರಡನೇ ಸುತ್ತಲ್ಲಿ ಬಿಟ್ಟೆ. ಅವರು ಹಿಂದಿಂದ ಬರುವಾಗ ಒಂದು ಸದ್ದು ಬರುತ್ತೆ, ಸೀರೆ ಹರಿದ ಹಾಗೆ, ಆಮೇಲೆ ಇಲ್ಲ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳಬಾರದು, ಸಾಮಾನ್ಯವಾಗಿ 10 ಮೀಟರ್ ಅಂತರ ಬಿಡಬೇಕು ಅಂತ ನಿಯಮ. ಆ ನಿಯಮ ಮುರಿಯೋ ಅವಕಾಶ ನನಗೆ ಯಾರೂ ಕೊಡಲಿಲ್ಲ. ನಾನು ದಾಟಿದ್ದು ಒಟ್ಟು ಮೂರು ಜನರನ್ನ. ಅದರಲ್ಲಿ ಇಬ್ಬರು ರಸ್ತೆ ಪಕ್ಕ ಕೂತು ಪಂಕ್ಚರ್ ಹಾಕ್ತಿದ್ದರು. ಮೂರನೆಯವರು ನನ್ನ ಹಾಗೇ ಎಂಟಿಬಿಯಲ್ಲಿ ಬಂದಿದ್ದ, ಅರವತ್ತು ದಾಟಿದ ಒಬ್ಬರು. ದಾಟುವಾಗ ಕೈ ಎತ್ತಿದರು. ಅವರ ಟೈರು ಗೊಡ್ಡು ಟೈರು. ಕೂಗಿ ಹೇಳೋಣ ಅನ್ನಿಸ್ತು, ಕಾಕಾ, ಆಧೀ ಹೇ ಟಾಯರ್ ಕಾಢಾ ಅಂತ!

56 ನಿಮಿಷ. ಶೀಟು 53 ಅಂದಿತ್ತು. ಯೂ ಟರ್ನ್‌ಗಳನ್ನ ನಾನು ಶೀಟಿನಲ್ಲಿ ಹಾಕಿರಲಿಲ್ಲ. ಎಸ್ಟಿಮೇಟ್‌ನಲ್ಲಿ ಆರು ಪರ್ಸೆಂಟ್ ತಪ್ಪು ಅಂದರೆ ನನ್ನ ವೃತ್ತಿಜೀವನದಲ್ಲೇ ದಾಖಲೆ.

ಎರಡನೇ ಬದಲಾವಣೆಯಲ್ಲಿ ನಾನು ಗೆದ್ದೆ. ಸಾದಾ ಪೆಡಲ್, ಸಾದಾ ಶೂ, ಅದೇ ಶೂನಲ್ಲಿ ಓಡಿಬಿಟ್ಟೆ. ಓಟ ಅಂದೆ, ಮೊದಲ ಒಂದು ಕಿಲೋಮೀಟರ್ ಅದು ಓಟವಲ್ಲ. ಸೈಕಲ್ ಇಳಿದ ಕಾಲು ಬೇರೆ ಯಾರದ್ದೋ ಕಾಲು. ಅಭ್ಯಾಸದಲ್ಲಿ ವಾರಕ್ಕೊಮ್ಮೆ ಸೈಕಲ್ ಇಳಿದ ತಕ್ಷಣ ಹತ್ತು ನಿಮಿಷ ಓಡಿ ಅಂತ ಎಲ್ಲರೂ ಹೇಳ್ತಾರೆ, ನಾನು ಎರಡೇ ಸಲ ಮಾಡಿದ್ದೆ, ಅದರ ಫಲ ಅನುಭವಿಸಿದೆ. 39 ನಿಮಿಷ. ಎಲ್ಲ ಸೇರಿ ಎರಡು ಗಂಟೆ ಒಂಬತ್ತು ನಿಮಿಷ. ಗೆರೆ ದಾಟುವಾಗ ಹುಡುಗರು ಕೋನ್‌ಗಳನ್ನ ಎತ್ತಿ ಟೆಂಪೋಗೆ ಹಾಕ್ತಿದ್ದರು. ಮಗಳು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಆ ಸಂಜೆ ಅವ್ವನಿಗೆ ಫೋನ್ ಮಾಡಿ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಷ್ಟನೇ ನಂಬರ್ ಬಂದಿ?” ಅಂದಳು. ಕೆಳಗಿಂದ ಎಂಟನೇದು ಬೇ ಅಂದೆ. “ಅಂದ್ರ ನಿನ್ನ ಹಿಂದ ಇನ್ನೂ ಏಳು ಮಂದಿ ಇದ್ರೇನು?” ಅಂತ ಆಶ್ಚರ್ಯಪಟ್ಟಳು. ಆಮೇಲೆ ಕೇಳಿದ್ದು ಒಂದೇ, ರಸ್ತೆ ಬಂದ್ ಮಾಡಿದ್ರೋ ಇಲ್ಲೋ. ಮಾಡಿದ್ದರು ಅಂದೆ. ಈಗ ಪ್ರತಿ ಭಾನುವಾರ ಹತ್ತು ಗಂಟೆಗೆ ಫೋನ್ ಬರುತ್ತೆ. ಬೇರೆ ಏನೂ ಕೇಳಲ್ಲ. “ಮನಿಗೆ ಬಂದ್ಯಾ?” ಅಷ್ಟೇ.

ರೋಡ್ ಬೈಕ್ ಇನ್ನೂ ತಗೊಂಡಿಲ್ಲ. ಈ ವರ್ಷ ಎರಡನೇ ಸ್ಪ್ರಿಂಟ್ ಮಾಡಿ, ಎಂಟಿಬಿಯಲ್ಲೇ 52 ನಿಮಿಷದೊಳಗೆ ಬಂದರೆ ಆಗ ನೋಡೋಣ ಅಂತ ಮನೆಯಲ್ಲಿ ಒಪ್ಪಂದ ಆಗಿದೆ. ಹಳೆಯ ಗೊಡ್ಡು ಟೈರುಗಳು ಬಾಲ್ಕನಿಯಲ್ಲೇ ಇವೆ, ಮಗಳು ಅದರೊಳಗೆ ಗಿಡದ ಕುಂಡ ಇಟ್ಟಿದ್ದಾಳೆ. ಲೆಕ್ಕದ ಶೀಟು ಬೇಕಾದವರು ನಿಮ್ಮ ತೂಕ, ಸೈಕಲ್ ತೂಕ, ಟೈರಿನ ಅಗಲ ಬರೆದಿಟ್ಟುಕೊಳ್ಳಿ, ಪ್ರಶ್ನೋತ್ತರದಲ್ಲಿ ಒಟ್ಟಿಗೇ ಹಾಕಿ ನೋಡೋಣ. ಯಾರಾದರೂ ಕಲ್ಯಾಣ್ ಕಡೆಯವರಿದ್ದರೆ ಮಲಂಗಗಡದ ದಾರಿಗೆ ಭಾನುವಾರ ಏಳು ಗಂಟೆಗೆ ಬನ್ನಿ. ಕನ್ನಡಿ ಇರೋ ಸೈಕಲ್ ನನ್ನದು.